ರೊಟ್ಟಿಗೆ ಮೊದಲು ಒಂದು ಪುಟ

ಟೀಚರಮ್ಮ ಬರೆದು ಕಳಿಸಿದ ಒಂದು ಪತ್ರವನ್ನು ನಾನು ಇದ್ದದ್ದು ಇದ್ದ ಹಾಗೆ ಓದಲಿಲ್ಲ. ಅದು ನನ್ನ ತಂಗಿ ಹುಲಿಗೆಮ್ಮನ ವಿಷಯವಾಗಿ ಅಪ್ಪನಿಗೆ ಬರೆದ ಪತ್ರ. ಅಪ್ಪನಿಗೆ ಓದು ಬರುತ್ತಿರಲಿಲ್ಲ, ಅವ್ವನಿಗೂ ಇಲ್ಲ, ತಂಗಿಗೆ ಅಕ್ಷರ ಕೂಡುತ್ತಿರಲಿಲ್ಲ. ಮನೆಯಲ್ಲಿ ಓದು ಬಲ್ಲವಳು ನಾನೊಬ್ಬಳೇ. ಆಗ ನನಗೆ ಹದಿಮೂರು ವರ್ಷ, ಏಳನೇ ತರಗತಿ ಮುಗಿದಿತ್ತು. ಆ ಸಂಜೆ ಹಾಳೆಯಲ್ಲಿ ಇದ್ದದ್ದು ಒಂದು, ನನ್ನ ಬಾಯಿಂದ ಬಂದದ್ದು ಇನ್ನೊಂದು. ಆ ಏಳನೇ ತರಗತಿಯ ಓದಿನಲ್ಲೇ ಈಗ ಇದನ್ನು ಬರೆಯುತ್ತಿದ್ದೇನೆ. ತಪ್ಪುಗಳಿರಬಹುದು. ಇನ್ನೊಬ್ಬರ ಕೈಯಲ್ಲಿ ಬರೆಸಬಾರದು ಅನ್ನಿಸಿತು.

ನಮ್ಮ ಮನೆ ಇದ್ದದ್ದು ದೇವದುರ್ಗದಲ್ಲಿ, ಊರು ಮುಗಿದು ಹೊಲ ಶುರುವಾಗುವ ಕಡೆ. ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಒಂದೇ ಕೋಣೆ. ಒಲೆ, ಹಾಸಿಗೆ, ಜೋಳದ ಚೀಲ, ಮಳೆ ಬಂದರೆ ಆಡಿನ ಮರಿ, ಎಲ್ಲಕ್ಕೂ ಅದೇ ಕೋಣೆ. ಮಾಳಿಗೆಯ ನಡುವೆ ಒಂದು ಬೆಳಕಿಂಡಿ ಇತ್ತು. ಈಗ ಕಣ್ಣು ಮುಚ್ಚಿದರೆ ಮನೆಗಿಂತ ಮೊದಲು ಆ ಬೆಳಕು ಬರುತ್ತದೆ. ಮುಂಜಾನೆ ಒಂದು ಗೋಡೆಯ ಮೇಲೆ ತಾಟಿನಷ್ಟಗಲ ಬಿದ್ದು, ಹೊತ್ತು ಏರಿದಂತೆ ಮೆಲ್ಲಗೆ ಇಳಿದು, ಮಧ್ಯಾಹ್ನ ನೆಲದ ನಡುವೆ ಬಂದು ಕೂಡುತ್ತಿತ್ತು. ಇಳಿಹೊತ್ತಿಗೆ ಎದುರಿನ ಗೋಡೆ ಹತ್ತುತ್ತಿತ್ತು. ಅದರೊಳಗೆ ಹೊಗೆ, ಹಿಟ್ಟಿನ ಧೂಳು, ಅವ್ವನ ಸೀರೆಗೆ ಅಂಟಿ ಬಂದ ಹತ್ತಿಯ ಎಳೆ ತೇಲುತ್ತಿದ್ದವು. ನನಗಿಂತ ನಾಲ್ಕು ವರ್ಷ ಚಿಕ್ಕವಳಾದ ಹುಲಿಗಿ ಆ ಬೆಳಕಿನೊಳಗೆ ಕುಳಿತು ಎರಡೂ ಕೈಯಲ್ಲಿ ಧೂಳು ಹಿಡಿಯುತ್ತಿದ್ದಳು. ಹಿಡಿದು, ಮುಷ್ಟಿ ಬಿಚ್ಚಿ, ಏನೂ ಇಲ್ಲದ್ದು ನೋಡಿ ನಗುತ್ತಿದ್ದಳು. ಒಮ್ಮೆ ಹಾಗೇ ಕೂತಿದ್ದಾಗ ಕೇಳಿದಳು:

"ಯಕ್ಕಾ, ಪುಸ್ತಕದಾಗಿನ ಅಕ್ಷರಾನೂ ಹಿಂಗ ತೇಲ್ತಾವಲ್ಲ?"

"ಹುಚ್ಚಿ ಇದ್ದೀಯೇನು? ಅಕ್ಷರ ಎಲ್ಲ್ಯಾರ ತೇಲ್ತಾವ?"

"ನಿಂಗ ಅವು ಸುಮ್ನ ನಿಂತಿರ್ತಾವೇನು?"

ಅವಳ ದನಿಯಲ್ಲಿ ನಿಜವಾದ ಬೆರಗು ಇತ್ತು. ನಾನು ನಕ್ಕುಬಿಟ್ಟೆ. ಆ ಮಾತನ್ನು ಹಿಡಿದು ಮುಂದೆ ಕೇಳಬೇಕು ಅಂತ ನನಗೆ ಹೊಳೆಯಲಿಲ್ಲ.

ಬೆಳಕು ಕೊನೆಗೆ ಹತ್ತುವ ಗೋಡೆಯ ಮೇಲೆ ಒಂದು ಪಟ ಇತ್ತು. ನೀಲಿ ಕೋಟು, ಕನ್ನಡಕ, ಎದೆಗೆ ಒತ್ತಿ ಹಿಡಿದ ಪುಸ್ತಕ. ಅಪ್ಪ ರಾಯಚೂರಿನ ಒಂದು ಸಭೆಗೆ ಲಾರಿಯಲ್ಲಿ ನಿಂತುಕೊಂಡು ಹೋಗಿ ಬಂದಾಗ ತಂದದ್ದು. ಒಡೆಯಬಾರದು ಅಂತ ದಾರಿಯುದ್ದಕ್ಕೂ ತಲೆಯ ರುಮಾಲು ಬಿಚ್ಚಿ ಅದಕ್ಕೇ ಸುತ್ತಿದ್ದನಂತೆ. ನಾವು ಅವರನ್ನು ಬಾಬಾ ಅನ್ನುತ್ತಿದ್ದೆವು. ಅಪ್ಪ ಕಲ್ಲು ಒಡೆಯುವ ಕೆಲಸಕ್ಕೆ ಹೋಗುತ್ತಿದ್ದ. ಪಟದ ಕಟ್ಟು ಮುಟ್ಟಿ ಬೆಳಕು ಆರುವ ಹೊತ್ತಿಗೆ ಬಂದು, ಕಾಲು ತೊಳೆದು, ರುಮಾಲು ತೆಗೆದು ಪಟದ ಮುಂದೆ ಕೂಡುತ್ತಿದ್ದ. ಅಷ್ಟರಲ್ಲಿ ಅವ್ವನ ರೊಟ್ಟಿ ಬುಟ್ಟಿಯಲ್ಲಿ ಒಂದರ ಮೇಲೊಂದು ಏರಿರುತ್ತಿದ್ದವು, ಪುಂಡಿಪಲ್ಲೆ ಕುದಿಯುತ್ತಿರುತ್ತಿತ್ತು. ಆದರೆ ಯಾರೂ ಮುಟ್ಟುವ ಹಾಗಿಲ್ಲ. ನಮ್ಮಿಬ್ಬರಲ್ಲಿ ಒಬ್ಬಳು ಪಟದ ಕೆಳಗೆ ನಿಂತು ಒಂದು ಪುಟ ಓದಬೇಕು. ಬೇರೆಯವರ ಮನೆಯಲ್ಲಿ ಊಟಕ್ಕೆ ಮೊದಲು ಕೈ ಮುಗಿಯುತ್ತಿದ್ದರೋ ಏನೋ, ನಮ್ಮಲ್ಲಿ ಓದುತ್ತಿದ್ದೆವು. ಅಪ್ಪನ ಮಾತು ಒಂದೇ:

"ಮೊದಲ ಒಂದು ಪುಟ. ಆಮ್ಯಾಲ ರೊಟ್ಟಿ."

"ರೊಟ್ಟಿ ಆರಿ ಹಲಗಿ ಆಗಾಕತ್ತಾವ. ನಿಮ್ಮ ಬಾಬಾ ತಣ್ಣಗಾಗಿಂದ ಉಣ್ರಿ ಅಂತ ಹೇಳ್ಯಾನೇನು?" ಎಂದು ಅವ್ವ ಒಲೆ ಮುಂದಿನಿಂದ ಅನ್ನುತ್ತಿದ್ದಳು.

"ಈ ಓಣ್ಯಾಗ ಯಾರ ಮನ್ಯಾಗಾರ ಹಿಂಗ ಓದೋ ದನಿ ಕೇಳ್ತದೇನು ಹೇಳು ನೋಡಮು. ಸುಮ್ನ ಕುಂದ್ರು."

ಏನು ಓದಿದರೂ ಅಪ್ಪನಿಗೆ ನಡೆಯುತ್ತಿತ್ತು. ಕಣ್ಣು ಮುಚ್ಚಿ, ಕಲ್ಲಿನ ಪುಡಿ ಹೋಗದ ಕೈಗಳನ್ನು ತೊಡೆಯ ಮೇಲೆ ಇಟ್ಟು ಕೇಳುತ್ತಿದ್ದ. ಒಂದು ಸಂಜೆ ಪುಸ್ತಕ ಸಾಲೆಯಲ್ಲೇ ಮರೆತುಬಂದಿದ್ದೆ. ಮಿರ್ಚಿ ಭಜಿ ಕಟ್ಟಿಕೊಟ್ಟ ಎಣ್ಣೆ ಹಾಳೆಯನ್ನೇ ಬಿಚ್ಚಿ ಓದಿದೆ. ಅದು ನೀರೆತ್ತುವ ಪಂಪಿನ ಜಾಹೀರಾತು. ಅಪ್ಪ ಕೊನೆಯವರೆಗೂ ಭಕ್ತಿಯಿಂದ ಕೇಳಿ ಕಣ್ಣು ತೆರೆದ.

"ಭಾಳ ಚೊಲೊ ಬರದಾರ. ಯವ್ವಾ ನಾಗೀ, ಗ್ಯಾರಂಟಿ ಅಂದ್ರೇನು?"

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಹುಲಿಗಿ ಸಾಲೆಗೆ ಸೇರಿದ ಮೇಲೆ ಅವಳ ಸರದಿಯೂ ಬಂತು. ಅವಳಿಗೆ ಅಕ್ಷರ ಒಂದೊಂದಾಗಿ ಗೊತ್ತಿದ್ದವು. ಕೂಡಿಸು ಅಂದರೆ ಚದುರಿಹೋಗುತ್ತಿದ್ದವು. ಆದರೆ ಕೇಳಿದ್ದು ಒಂದೂ ಬಿಟ್ಟು ಹೋಗುತ್ತಿರಲಿಲ್ಲ. ಸಾಲೆ ಬಿಟ್ಟು ಬಂದೊಡನೆ ನನ್ನ ಕೈ ಹಿಡಿದು ಬೆಳಕಿಂಡಿಯ ಕೆಳಗೆ ಕೂಡಿಸುತ್ತಿದ್ದಳು. "ಯಕ್ಕಾ, ಇವತ್ತಿನ ಪುಟ ಕೊಡು" ಅನ್ನುತ್ತಿದ್ದಳು. ನಾನು ಎರಡು ಸಲ ಓದಿದರೆ ಸಾಕು, ಪುಟ ಅವಳದಾಗುತ್ತಿತ್ತು. ಸಂಜೆ ಪಟದ ಕೆಳಗೆ ಪುಸ್ತಕ ಹಿಡಿದು ನಿಂತು, ಪದ ಹಾಡಿದ ಹಾಗೆ ಎಳೆದು ಎಳೆದು ಹೇಳುತ್ತಿದ್ದಳು. ನಾನು ಹಿಂದೆ ನಿಂತಿರುತ್ತಿದ್ದೆ. ಅವಳ ಬೆನ್ನಿಗೆ ನನ್ನ ಬೆರಳು ತಾಗಿದಾಗ ಅವಳು ಹಾಳೆ ತಿರುವಬೇಕು. ಅದು ನಮ್ಮಿಬ್ಬರ ಆಟ. ಒಂದು ದಿನವೂ ಸಿಕ್ಕಿಬೀಳಲಿಲ್ಲ. ಅಪ್ಪ ಮುಚ್ಚಿದ ಕಣ್ಣಲ್ಲೇ ನೀರು ತುಂಬಿಕೊಳ್ಳುತ್ತಿದ್ದ. ನನ್ನ ಓದಿಗೆ ಅವನು ಒಮ್ಮೆಯೂ ಅತ್ತಿರಲಿಲ್ಲ. ಅದು ಆಗಲೇ ಎಲ್ಲೋ ಒಳಗೆ ಚುಚ್ಚಿತ್ತೇನೋ, ಈಗ ಹೇಳಲಾರೆ.

ನನ್ನ ಏಳನೇ ತರಗತಿ ಮುಗಿದ ಬೇಸಿಗೆಯಲ್ಲಿ ಅವ್ವನ ಸೊಂಟಕ್ಕೆ ನೋವು ಹಿಡಿಯಿತು. ಮನೆಗೆ, ಹೊಲದ ಕೂಲಿಗೆ ಇನ್ನೊಂದು ಹೆಣ್ಣಾಳು ಬೇಕಾಯಿತು. ಇಬ್ಬರಲ್ಲಿ ಒಬ್ಬಳು ಸಾಲೆ ಬಿಡಬೇಕು. ಅಪ್ಪ ಪಟದ ಕಡೆಗೆ ನೋಡುತ್ತಲೇ ಹೇಳಿದ:

"ನಾಗಿ ಆದಷ್ಟು ಓದ್ಯಾಳ, ಸಾಕು. ಹುಲಿಗಿ ಓದ್ಲಿ. ಆಕಿ ಓದಿದ್ರ ಎದಿ ತುಂಬ್ತದ. ಆಕಿ ದೊಡ್ಡಾಕಿ ಆಗಿ ಟೀಚರ್ ಆಗ್ತಾಳ ನೋಡ್ತಿರು."

ಹುಲಿಗಿ ಓದುತ್ತಿದ್ದದ್ದು ನನ್ನ ಓದು. ನಾನು ಅವಳ ಬಾಯಿಗೆ ಇಟ್ಟ ಪುಟಗಳೇ ನನ್ನನ್ನು ಸಾಲೆ ಬಿಡಿಸಿದವು. ಹೇಳಿಬಿಡಬಹುದಿತ್ತು. ಹೇಳಿದರೆ ಆಟ ಮುಗಿಯುತ್ತಿತ್ತು, ಇಬ್ಬರೂ ಬೈಸಿಕೊಳ್ಳುತ್ತಿದ್ದೆವು, ಅಷ್ಟೇ. ನಾನು ಬಾಯಿ ಮುಚ್ಚಿಕೊಂಡು ಸಿಟ್ಟನ್ನು ಹಿಟ್ಟಿನ ಹಾಗೆ ದಿನಾ ನಾದಿದೆ. ಆ ದಿನಗಳಲ್ಲೇ ಒಮ್ಮೆ ನಾನು ರೊಟ್ಟಿ ಬಡಿಯುವಾಗ ಹುಲಿಗಿ ಪಕ್ಕದಲ್ಲಿ ಕುಳಿತು ಹಿಟ್ಟು ನಾದುವ ಪರಾತದ ಒಣಹಿಟ್ಟಿನ ಮೇಲೆ ಬೆರಳಿನಿಂದ ಬರೆಯುತ್ತಿದ್ದಳು. ಮನಿ ಅಂತ ಬರೆದಿದ್ದಳು. ಎರಡೂ ಅಕ್ಷರ ನೆಟ್ಟಗಿದ್ದವು.

"ನೋಡು ಯಕ್ಕಾ, ಹಿಟ್ಟಿನ್ಯಾಗ ಬೆರಳು ಆಡಿಸಿದ್ರ ತೇಲಂಗಿಲ್ಲ. ನಿಂದರ್ತಾವ!"

"ಉಣ್ಣೋ ಹಿಟ್ಟಿನ್ಯಾಗ ಆಟ ಆಡ್ತೀಯೇನ ಬೇ?" ಎಂದು ನಾನು ಅಂಗೈಯಿಂದ ಒರೆಸಿಹಾಕಿದೆ. ಅದೇ ಹಿಟ್ಟನ್ನು ನಾದಿ ರೊಟ್ಟಿ ಮಾಡಿ ಅವಳ ತಾಟಿಗೆ ಹಾಕಿದೆ.

ಆ ವರ್ಷ ಅವಳ ಸಾಲೆಗೆ ಹೊಸ ಟೀಚರಮ್ಮ ಬಂದಿದ್ದರು. ತೆಳ್ಳಗೆ, ಕೈಯಲ್ಲಿ ಸದಾ ಕೊಡೆ. ಅವರು ಹುಲಿಗಿಯನ್ನು ಬಹಳ ದಿನ ನೋಡಿ, ಒಂದು ಸಂಜೆ ಮಡಿಚಿದ ಹಾಳೆ ಕೊಟ್ಟು ಅಪ್ಪನಿಗೆ ಕೊಡು ಅಂದರಂತೆ. ಹುಲಿಗಿ ಓಡುತ್ತ ಬಂದು ಅದನ್ನು ನನ್ನ ಕೈಗೆ ಕೊಟ್ಟಳು. ಟೀಚರಮ್ಮ ನಗುತ್ತ ಕೊಟ್ಟರು ಅಂದಳು. ಅಪ್ಪ ಇನ್ನೂ ಬಂದಿರಲಿಲ್ಲ. ನಾನು ಗೋಡೆಯ ಮಗ್ಗುಲಿಗೆ ಹೋಗಿ ಒಬ್ಬಳೇ ಓದಿಕೊಂಡೆ. ಅದರಲ್ಲಿ ಏನಿತ್ತು ಅನ್ನುವುದನ್ನು ಈಗಲೇ ಹೇಳುವುದಿಲ್ಲ. ಹೇಳಬೇಕಾದ ಕಡೆ ಹೇಳಿದ್ದೇನೆ. ಓದಿದಾಗ ನನಗೆ ಅನ್ನಿಸಿದ್ದನ್ನು ಮಾತ್ರ ಬರೆಯುತ್ತೇನೆ. ಓದಲು ಬಾರದವಳಿಗಾಗಿ ಇಷ್ಟು ಅಂದವಾದ ಪತ್ರ ಬಂದಿದೆ, ಓದಲು ಬರುವ ನನಗಾಗಿ ಯಾರೂ ಒಂದು ಸಾಲು ಬರೆಯಲಿಲ್ಲ ಅನ್ನಿಸಿತು.

ಅಪ್ಪ ಬಂದ. ಪತ್ರ ಅಂದೊಡನೆ ರುಮಾಲು ತೆಗೆದು ಕುಳಿತ. ಇವತ್ತಿನ ಪುಟ ಇದೇ ಆಗಲಿ ಅಂದ. ನಾನು ಪಟದ ಕೆಳಗೆ ನಿಂತು ಹಾಳೆ ಬಿಚ್ಚಿದೆ. ನನ್ನ ದನಿ ನಡುಗಲಿಲ್ಲ. ಅದೇ ನನಗೆ ಇವತ್ತಿಗೂ ಹೆದರಿಕೆ.

"ನಿಮ್ಮ ಮಗಳಿಗೆ ಓದುವ ಮನಸ್ಸಿಲ್ಲ. ಪುಸ್ತಕ ನೋಡದೆ ಬಾಯಿಪಾಠ ಹೇಳಿ ನಿಮಗೆ ಮೋಸ ಮಾಡುತ್ತಿದ್ದಾಳೆ. ಇವಳನ್ನು ಸಾಲೆಗೆ ಕಳಿಸಿ ಉಪಯೋಗವಿಲ್ಲ."

ಹುಲಿಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಟೀಚರಮ್ಮ ಹಾಗೆ ಬರೆದಾರೆಂದು ಅವಳಿಗೆ ನಂಬಿಕೆ ಬರಲಿಲ್ಲ. ಅಕ್ಕ ಸುಳ್ಳು ಓದಿಯಾಳೆಂದೂ ಬರಲಿಲ್ಲ. ಅಪ್ಪ ಹೊಡೆಯಲಿಲ್ಲ. ಎದ್ದು, ಅವಳ ಪುಸ್ತಕ ತೆಗೆದು, ಕಣ್ಣಿಗೆ ಬಿದ್ದ ಹಾಳೆ ಬಿಚ್ಚಿ ಮುಂದೆ ಹಿಡಿದ.

"ಇದನ್ನ ಓದವ್ವ."

ಅವಳು ಪಟದ ಕೆಳಗೆ ನನ್ನ ಮುಂದೆ ಬಂದು ನಿಂತು, ಬೆನ್ನು ಸ್ವಲ್ಪ ಹಿಂದಕ್ಕೆ ಸರಿಸಿ ನನ್ನ ಬೆರಳಿಗಾಗಿ ಕಾದಳು. ನಾನು ಮುಟ್ಟಲಿಲ್ಲ.

ಅಪ್ಪ ಪುಸ್ತಕ ಮುಚ್ಚಿದ. ನಾನು ಅಂದುಕೊಂಡಿದ್ದೆ, ಇನ್ನು ನನ್ನನ್ನು ಸಾಲೆಗೆ ಕಳಿಸುತ್ತಾನೆ ಅಂತ. ಅವನು ಪಟಕ್ಕೆ ಬೆನ್ನು ಮಾಡಿ ಕುಳಿತು, "ರೊಟ್ಟಿ ಹಾಕು" ಅಂದ. ಅಷ್ಟೇ. ಮರುದಿನ ಯಾರನ್ನೂ ಓದು ಅನ್ನಲಿಲ್ಲ, ನನ್ನನ್ನೂ. ಆಮೇಲೆ ನಮ್ಮ ಮನೆಯಲ್ಲಿ ರೊಟ್ಟಿ ಬಿಸಿಯಾಗಿಯೇ ತಾಟಿಗೆ ಬೀಳತೊಡಗಿತು. ಬಿಸಿ ರೊಟ್ಟಿ ಬೇಕೆಂದು ಅಷ್ಟು ವರ್ಷ ಗೊಣಗಿದ ಅವ್ವ ಮೊದಲ ತುತ್ತಿಗೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಪತ್ರವನ್ನು ನಾನು ಹಂಚಿನ ಕೆಳಗೆ ಇಟ್ಟು ಸುಟ್ಟೆ. ಮುಂದಿನ ಸೋಮವಾರ ನಾವಿಬ್ಬರೂ ಹತ್ತಿ ಬಿಡಿಸಲು ಹೋಗುವ ಟಂಟಂ ಗಾಡಿಯಲ್ಲಿ ಹೆಂಗಸರ ನಡುವೆ ಕುಳಿತಿದ್ದೆವು. ಬಸ್ ಸ್ಟ್ಯಾಂಡಿನ ಮುಂದೆ ಟೀಚರಮ್ಮ ಕೊಡೆ ಹಿಡಿದು ನಿಂತಿದ್ದರು. ರಾಯಚೂರಿನ ಬಸ್ಸು ಹೊರಟರೂ ಹತ್ತಲಿಲ್ಲ, ನಮ್ಮ ಓಣಿಯ ಕಡೆಗೇ ನೋಡುತ್ತಿದ್ದರು. ಹುಲಿಗಿ ಕೈ ಎತ್ತಿ ಬೀಸಿದಳು. ಟೀಚರಮ್ಮನ ಕೈ ಅರ್ಧಕ್ಕೆ ಏರಿ ಹಾಗೇ ನಿಂತಿತು. ಧೂಳಿನಲ್ಲಿ ಅವರು, ಕೊಡೆ, ಎಲ್ಲ ತೇಲಿದ ಹಾಗೆ ಕಂಡು ಹಿಂದೆ ಉಳಿದವು.

ವರ್ಷಗಳು ಹೋದವು. ಅಪ್ಪ ಕೊನೆಯವರೆಗೂ ಪಟದ ಕಡೆ ನೋಡದೆ, ಗೋಡೆಗೆ ಮುಖ ಮಾಡಿ ಮಲಗಿಯೇ ಹೋದ; ಅವ್ವನೂ ಹೋದಳು. ಹುಲಿಗಿಯನ್ನು ಮಾನ್ವಿಗೆ ಕೊಟ್ಟಿದ್ದೆವು, ಬಾಬಾನ ಪಟವನ್ನು ಅವಳೇ ಕೇಳಿ ಒಯ್ದಳು. ಅಲ್ಲಿ ಅವಳು ಹೊಲಿಗೆ ಮಾಡುತ್ತಾಳೆ. ಅಳತೆಯನ್ನು ಬರೆದುಕೊಳ್ಳುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ದಾರ; ಎದೆಗೆ ಒಂದು ಗಂಟು, ತೋಳಿಗೆ ಎರಡು, ಉದ್ದಕ್ಕೆ ಮೂರು. ಗೋಡೆಯ ಮೊಳೆಗೆ ಇಡೀ ಓಣಿಯ ಹೆಂಗಸರು ದಾರವಾಗಿ ತೂಗುತ್ತಿರುತ್ತಾರೆ. ಯಾರ ದಾರ ಯಾವುದು ಅಂತ ಮುಟ್ಟಿ ಹೇಳುತ್ತಾಳೆ. ಆದರೆ ಬ್ಯಾಂಕಿನ ಕಾಗದ, ಔಷಧಿ ಚೀಟಿ, ಮಗಳ ಸಾಲೆಯ ನೋಟಿಸು ಬಂದರೆ ಫೋಟೋ ತೆಗೆದು ನನ್ನ ಫೋನಿಗೆ ಕಳಿಸುತ್ತಿದ್ದಳು. ಹಿಂದೆಯೇ ದನಿ ಬರುತ್ತಿತ್ತು: "ಯಕ್ಕಾ, ಇದರಾಗ ಏನದ, ಓದಿ ಹೇಳು." ಪ್ರತಿ ಸಲವೂ ನಾನು ಒಂದಕ್ಷರ ಬಿಡದೆ, ಕೆಳಗಿನ ಸಹಿಯವರೆಗೆ ಓದಿ ಹೇಳುತ್ತಿದ್ದೆ. ಅಷ್ಟು ಓದಿದರೂ ಆ ಒಂದು ಪತ್ರದ ಲೆಕ್ಕ ತೀರುವುದಿಲ್ಲ.

ನಾನು ರಾಯಚೂರಿನ ಒಂದು ಸಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ಓದು ಬಿಟ್ಟವಳು ಸಾಲೆಯ ಅಡುಗೆಮನೆಯಿಂದ ಒಳಗೆ ಬಂದೆ ನೋಡಿ. ಹೋದ ವರ್ಷ ಗುರುವಾರಕ್ಕೊಮ್ಮೆ ಒಬ್ಬ ಮೇಡಂ ಬರತೊಡಗಿದರು. ಓದು ಹತ್ತದ ನಾಲ್ಕೈದು ಮಕ್ಕಳನ್ನು ಬೇರೆ ಕೂಡಿಸಿಕೊಂಡು ಕಲಿಸುವವರು. ಒಂದು ದಿನ ಅಡುಗೆಮನೆಗೆ ಬಂದರು.

"ಅಮ್ಮಾರ, ಒಂದು ತಾಟಿನ್ಯಾಗ ರವಾ ಕೊಡ್ರಿ. ಚೆಲ್ಲಂಗಿಲ್ಲ, ತಿರುಗಿ ಕೊಡ್ತೀನಿ."

ಉಪ್ಪಿಟ್ಟಿನ ರವೆಯನ್ನು ತಾಟಿಗೆ ಸುರಿದು ಕೊಟ್ಟೆ. ಕಿಟಕಿಯಿಂದ ನೋಡಿದರೆ ಒಂದು ಹುಡುಗಿ ಆ ರವೆಯಲ್ಲಿ ಬೆರಳು ಆಡಿಸಿ, ಅಕ್ಷರದ ದನಿ ಹೇಳುತ್ತ, ಬರೆಯುತ್ತಿದ್ದಳು. ಬರೆದದ್ದನ್ನು ಯಾರೂ ಒರೆಸಲಿಲ್ಲ. ನನ್ನ ಅಂಗೈ ಉರಿದಂತಾಯಿತು. ಮೇಡಂ ತಾಟು ತಿರುಗಿ ಕೊಡಲು ಬಂದಾಗ ಅಕ್ಷರ ಕೂಡದ ತಂಗಿಯ ವಿಷಯ ಹೇಳಿ, ಇದೇನು ಅಂತ ಸಂಕೋಚ ಬಿಟ್ಟು ಕೇಳಿದೆ. ಅವರು ಒಲೆಯ ಪಕ್ಕದಲ್ಲೇ ಕುಳಿತು ಹೇಳಿದರು. ಇದಕ್ಕೆ ಡಿಸ್‌ಲೆಕ್ಸಿಯಾ ಅನ್ನುತ್ತಾರೆ, ರೋಗವಲ್ಲ, ದಡ್ಡತನವಲ್ಲ. ಬಲ್ಲವರು ಪರೀಕ್ಷೆ ಮಾಡಿ ಕಾಗದ ಕೊಟ್ಟರೆ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಹೊತ್ತು ಕೇಳಬಹುದು, ಅವರು ಹೇಳಿದ್ದನ್ನು ಬರೆದುಕೊಡುವವರನ್ನು ಕೇಳಬಹುದು. ದೊಡ್ಡವರಿಗೂ ದಾರಿ ಇದೆ, ಅಚ್ಚಾದದ್ದರ ಮುಂದೆ ಹಿಡಿದರೆ ಫೋನೇ ಓದಿ ಹೇಳುತ್ತದೆ. ನಾನು ಸೌಟು ಹಿಡಿದುಕೊಂಡೇ ಕೇಳಿದೆ. ಸಾರು ತಳ ಹತ್ತಿತು.

ಹುಲಿಗಿಯ ಮಗಳು ಸುಜಾತಾ ಐದನೇ ತರಗತಿ. ಅವಳಿಗೂ ಅಕ್ಷರ ಕೂಡುತ್ತಿರಲಿಲ್ಲ, ಕೇಳಿದ್ದೆಲ್ಲ ನೆನಪಿರುತ್ತಿತ್ತು. ತಾಯಿ ಮಗಳನ್ನು ರಾಯಚೂರಿಗೆ ಕರೆಸಿ ಮೇಡಂ ಹತ್ತಿರ ಕರೆದುಕೊಂಡು ಹೋದೆ. ಅವರು ಸುಜಾತಾಳ ಜೊತೆ ಅರ್ಧ ದಿನ ಕುಳಿತರು. ಆಮೇಲೆ ಹುಲಿಗಿಯ ಫೋನಿನಲ್ಲಿ ಏನೋ ಒತ್ತಿ, ಗೋಡೆಯ ಮೇಲಿನ ಊಟದ ಪಟ್ಟಿಯ ಮುಂದೆ ಹಿಡಿದರು. ಫೋನು ಹೆಣ್ಣು ದನಿಯಲ್ಲಿ ಸೋಮವಾರದಿಂದ ಶನಿವಾರದವರೆಗೆ ಓದಿತು. ಹುಲಿಗಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಯಕ್ಕಾ, ನಿಂಗ ಇನ್ನ ರಜಾ! ಈ ಫೋನವ್ವ ನಿನ್ನಂಗ, ತಡಿ ಬೇ ಒಲಿ ಮ್ಯಾಲ ಅನ್ನ ಅದ, ಅಂತ ಸಿಟ್ಟಿಗೇಳಂಗಿಲ್ಲ." ಮತ್ತೆ ಮೇಡಂ ಕಡೆ ತಿರುಗಿ, "ಇದು ತನಗ ತಿಳಿದಂಗ ಸುಳ್ಳು ಓದಂಗಿಲ್ಲಲ್ರಿ?"

"ಒಂದೊಂದ್ಸಲ ತಪ್ಪಿ ಓದ್ತದ್ರಿ. ಬೇಕಂತ ಸುಳ್ಳು ಓದಂಗಿಲ್ಲ."

ನಾನು ಕಿಟಕಿಯ ಕಡೆ ನೋಡಿದೆ.

ಮೇಡಂ ಮಾನ್ವಿಯ ಸಾಲೆಗೆ ಕೊಡಲು ಕೈಯಲ್ಲೇ ಒಂದು ಪತ್ರ ಬರೆದುಕೊಟ್ಟರು, ಮುಂದೆ ದೊಡ್ಡಾಸ್ಪತ್ರೆಯಲ್ಲಿ ಯಾರನ್ನು ಕಾಣಬೇಕು ಅನ್ನುವುದನ್ನೂ ಹೇಳಿದರು. ಅವರ ಜೊತೆ ನಾನೂ ಮಾನ್ವಿಗೆ ಹೊರಟೆ. ಬಸ್ಸು ಕಲ್ಮಲ ಊರು ದಾಟುತ್ತಿದ್ದಂತೆ ಹುಲಿಗಿ ಫೋನು ತೆಗೆಯಲಿಲ್ಲ, ಹಾಳೆಯನ್ನು ನನ್ನ ಕೈಗೇ ಕೊಟ್ಟಳು. "ಇದೊಂದು ನಿನ್ನ ಬಾಯಾಗ ಕೇಳ್ತೀನಿ" ಅಂದಳು. ನಾನು ಓದಿದೆ. ಈ ಹುಡುಗಿ ದಡ್ಡಿಯಲ್ಲ, ಸೋಮಾರಿಯಲ್ಲ, ಇವಳಿಗೆ ಕಲಿಸುವ ರೀತಿ ಬೇರೆ, ಬೈಯಬೇಡಿ. ಹುಲಿಗಿ ಕಿಟಕಿಗೆ ತಲೆ ಇಟ್ಟು ಕೇಳಿದಳು. ಸುಜಾತಾ ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಹೊರಗೆ ಭತ್ತದ ಗದ್ದೆಗಳ ಮೇಲೆ ಇಳಿಬಿಸಿಲು ನಮ್ಮ ಜೊತೆಗೇ ಓಡಿಬರುತ್ತಿತ್ತು.

"ಎಷ್ಟ ಚೊಲೊ ಬರದಾರ, ಅಲ್ಲ? ನಂಗ ಯಾರೂ ಇಂಥಾದೊಂದು ಬರೀಲಿಲ್ಲ ನೋಡು ಯಕ್ಕಾ. ಒಬ್ರಾರ ಬರದಿದ್ರ ಯಪ್ಪ ಹಂಗ ಗ್ವಾಡಿಗೆ ಮುಖ ಮಾಡಿ ಸಾಯ್ತಿರಲಿಲ್ಲ."

ಅವಳು ಬೇಸರದಿಂದ ಅಂದದ್ದಲ್ಲ. ಸುಮ್ಮನೆ ಅಂದದ್ದು. ನಾನು ಪತ್ರವನ್ನು ಇದ್ದ ಮಡಿಕೆಯಲ್ಲೇ ಮಡಿಚಿ ಅವಳ ಚೀಲದಲ್ಲಿ ಇಟ್ಟೆ.

ಮನೆಗೆ ಬಂದೊಡನೆ ಅವಳು ಒಲೆ ಹೊತ್ತಿಸಿ ರೊಟ್ಟಿಗೆ ಕುಳಿತಳು. ದಾರಗಳು ತೂಗುವ ಗೋಡೆಯ ಎದುರಿಗೆ ಬಾಬಾನ ಪಟ. ಗಾಜಿನ ಮೂಲೆಯಲ್ಲಿ ಸ್ವಲ್ಪ ಬಿಸಿಲು ಇನ್ನೂ ಉಳಿದಿತ್ತು. ಮೊದಲ ರೊಟ್ಟಿ ಬುಟ್ಟಿಗೆ ಬಿತ್ತು. ಸುಜಾತಾ ಕೈ ಚಾಚಿದಳು.

"ತಡೀಯವ್ವ," ಅಂದೆ. "ಮೊದಲ ಒಂದು ಪುಟ. ಆಮ್ಯಾಲ ರೊಟ್ಟಿ."

ಹುಲಿಗಿ ಬೆಚ್ಚಿ ತಲೆ ಎತ್ತಿದಳು. ಆ ಮಾತು ನಮ್ಮಿಬ್ಬರ ಕಿವಿಗೆ ಬಿದ್ದು ಮೂವತ್ತು ವರ್ಷಗಳಾಗಿರಬೇಕು. ನಾನು ಎದ್ದು ಪಟದ ಕೆಳಗೆ ನಿಂತು, ಹಾಳೆ ಹಿಡಿದವಳ ಹಾಗೆ ಎರಡೂ ಕೈ ಮುಂದೆ ಹಿಡಿದೆ.

"ದೊಡ್ಡವ್ವಾ, ಕೈಯಾಗ ಏನೂ ಇಲ್ಲಲ್ಲ?" ಅಂದಳು ಸುಜಾತಾ.

"ಇಲ್ಲವ್ವ. ಸುಟ್ಟೀನಿ. ಬಾಯಿಪಾಠ ಬರ್ತದ."

ಹುಲಿಗಿ ಹೇಗೆ ಪುಸ್ತಕ ನೋಡದೆ ಓದುತ್ತಿದ್ದಳೋ ಹಾಗೆ ನಾನು ಆ ಪತ್ರ ಓದಿದೆ.

"ನಿಮ್ಮ ಮಗಳು ಹುಲಿಗೆಮ್ಮ ದಡ್ಡಿಯಲ್ಲ. ಸೋಮಾರಿಯೂ ಅಲ್ಲ. ನಮಗೆ ಕೂಡುವ ಹಾಗೆ ಅವಳಿಗೆ ಅಕ್ಷರ ಕೂಡುವುದಿಲ್ಲ, ಅದು ಅವಳ ತಪ್ಪಲ್ಲ. ಅವಳು ಕೇಳಿದ್ದನ್ನು ಮರೆಯುವುದಿಲ್ಲ, ಇಂಥ ನೆನಪನ್ನು ನಾನು ಬೇರೆ ಯಾವ ಮಗುವಿನಲ್ಲೂ ಕಂಡಿಲ್ಲ. ಇಂಥವರಿಗೆ ಕಲಿಸುವ ಬೇರೆ ರೀತಿ ಇದೆ. ಅದನ್ನು ಬಲ್ಲವರು ಬರುವ ಸೋಮವಾರ ರಾಯಚೂರಿಗೆ ಬರುತ್ತಾರೆ. ನಾನೇ ಕರೆದುಕೊಂಡು ಹೋಗಿ ಬರುತ್ತೇನೆ, ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ದಯವಿಟ್ಟು ಕಳಿಸಿ. ಅವಳನ್ನು ಬೈಯಬೇಡಿ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ಹಂಚಿನ ಮೇಲಿನ ರೊಟ್ಟಿಯ ಅಂಚು ಕಪ್ಪಗಾಗಿ ಹೊಗೆ ಏಳುತ್ತಿತ್ತು. ಹುಲಿಗಿ ಅದನ್ನು ತಿರುವಲಿಲ್ಲ. ಒಂಬತ್ತು ವರ್ಷದ ಹುಡುಗಿಯ ದನಿಯಲ್ಲಿ ಕೇಳಿದಳು:

"ಟೀಚರಮ್ಮ ಕೊಡಿ ಹಿಡಕೊಂಡು ನಿಂತಿದ್ರಲ್ಲ ಯಕ್ಕಾ... ನನ ಸಲುವಾಗೇನು?"

ನಾನು ಅವಳ ಹಿಂದೆ ಹೋಗಿ ಕುಳಿತೆ. ಅವಳ ಬೆನ್ನಿಗೆ, ಅವತ್ತು ಮುಟ್ಟದೆ ಬಿಟ್ಟ ಜಾಗಕ್ಕೆ, ಬೆರಳು ಇಟ್ಟೆ.

"ನಿನ ಸಲುವಾಗೇ. ನಿಂಗೂ ಅವ್ರು ಬರದಿದ್ರವ್ವ, ನಾ ಓದಲಿಲ್ಲ. ನನ್ನ ಸಾಲಿ ಹೋತಂತ ನಿಂದೂ ಹೋಗ್ಲಿ ಅಂದೆ. ನೀ ಯಪ್ಪಗ ಮೋಸ ಮಾಡಲಿಲ್ಲ ಹುಲಿಗೀ, ನಾ ಮಾಡೀನಿ, ಅವಗೂ ನಿಂಗೂ. ತಪ್ಪಾತು ನನ್ನ ತಂಗೀ. ಭಾಳ ತಪ್ಪಾತು."